ಅಪ್ಪನ ಕೆಲಸ, ಮಕ್ಕಳ ದಾರಿ



ಇದು ನಮ್ಮ ಕಲಿಕಾ ಕೇಂದ್ರದಲ್ಲಿ ಒಂದು ಸಂಜೆ ನಡೆದ ಮಾತುಕತೆ. ನಿಧಾನವಾಗಿ ಓದಿ. ತಿಳಿಯದ ಕಡೆ ನಿಂತು ಪಕ್ಕದವರನ್ನು ಕೇಳಿ. ಓದಿ ಮುಗಿದ ಮೇಲೆ ನೀವೂ ಮಾತಾಡಿ.

ಕೈಗೆ ತಾಗಿದ ಮುಳ್ಳು

ಕಾಪುವಿನಲ್ಲಿ ಕಡಲ ಬದಿಗೆ ನಮ್ಮ ಕೇಂದ್ರ. ಸಂಜೆ ಏಳು ಗಂಟೆ ಆಗಿತ್ತು. ಮೀನು ಮಾರಿ ಬಂದ ಅಕ್ಕಂದಿರು ಬುಟ್ಟಿ ತೊಳೆದಿಟ್ಟು ಬಂದು ಕುಳಿತಿದ್ದರು. ಒಬ್ಬ ಅಕ್ಕನ ಕೈಗೆ ಬಟ್ಟೆ ಕಟ್ಟಿತ್ತು.

"ಎಂತ ಆಯ್ತು ಅಕ್ಕಾ?" ಎಂದು ನಾವು ಕೇಳಿದೆವು.

"ತೊರಕೆ, ಟೀಚರ್. ಬಾಲ ಕಡಿಯುವಾಗ ಮುಳ್ಳು ತಾಗಿತು. ಎಂತಾ ಉರಿ ಮಾರಾಯ್ತಿ!"

ತೊರಕೆ ಮೀನು ನಮಗೆಲ್ಲ ಗೊತ್ತು. ಮೊರದ ಹಾಗೆ ಚಪ್ಪಟೆ. ಬಾಲ ಚಾವಟಿಯ ಹಾಗೆ. ಬಾಲದ ಮೇಲೆ ಮುಳ್ಳು ಇರುತ್ತದೆ. ಮುಳ್ಳಿನ ಎರಡೂ ಬದಿಗೆ ಗರಗಸದ ಹಾಗೆ ಹಲ್ಲು ಉಂಟು. ಮುಳ್ಳಿನಲ್ಲಿ ನಂಜೂ ಉಂಟು.

ತೊರಕೆ ತಾನಾಗಿ ಬಂದು ಚುಚ್ಚುವ ಮೀನಲ್ಲ. ಮರಳಿನಲ್ಲಿ ಅಡಗಿ ಮಲಗಿರುತ್ತದೆ. ಮೇಲೆ ಕಾಲಿಟ್ಟರೆ, ಹಿಡಿದರೆ, ಹೆದರಿದರೆ ಬಾಲ ಬೀಸುತ್ತದೆ. ಅದು ಅದರ ರಕ್ಷಣೆ.

ಮುಳ್ಳು ತಾಗಿದರೆ ಏನು ಮಾಡಬೇಕು? ಇದನ್ನು ನೆನಪಿಡಿ. ಗಾಯವನ್ನು ಚೆನ್ನಾಗಿ ತೊಳೆಯಬೇಕು. ಕೈಯನ್ನೋ ಕಾಲನ್ನೋ ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ ಇಡಬೇಕು. ಚರ್ಮ ಸುಡುವಷ್ಟು ಬಿಸಿ ಬೇಡ. ಬಿಸಿಗೆ ನೋವು ಕಡಿಮೆ ಆಗುತ್ತದೆ. ಆಮೇಲೆ ಆಸ್ಪತ್ರೆಗೆ ಹೋಗಬೇಕು. ಎದೆಗೆ, ಹೊಟ್ಟೆಗೆ, ಕುತ್ತಿಗೆಗೆ ಮುಳ್ಳು ಹೊಕ್ಕಿದ್ದರೆ ಅದನ್ನು ಎಳೆಯಲೇ ಬಾರದು. ಹಾಗೇ ಆಸ್ಪತ್ರೆಗೆ ಒಯ್ಯಬೇಕು.

ಆ ಅಕ್ಕನ ಜೊತೆ ಅವರ ಮಗಳೂ ಬಂದಿದ್ದಳು. ಏಳನೇ ಕ್ಲಾಸಿನ ಹುಡುಗಿ. ಮೂಲೆಯಲ್ಲಿ ಕುಳಿತು ಶಾಲೆಯ ಲೆಕ್ಕ ಮಾಡುತ್ತಿದ್ದಳು. ತೊರಕೆ ಎಂದ ಕೂಡಲೇ ತಲೆ ಎತ್ತಿದಳು.

"ಟೀಚರ್, ಟಿ.ವಿ.ಯಲ್ಲಿ ಮೊಸಳೆ ಹಿಡಿಯುತ್ತಿದ್ದ ಒಬ್ಬರು ಇದೇ ಮೀನು ಚುಚ್ಚಿ ಸತ್ತದ್ದಂತೆ. ಹೌದಾ?"

ಹೌದು. ಆ ಕಥೆಯನ್ನೇ ನಾವು ಹೇಳಲು ಶುರು ಮಾಡಿದೆವು.

ಮೊಸಳೆಯ ಅಪ್ಪ, ಬಿಂದಿ ಎಂಬ ಮಗಳು

ಆಸ್ಟ್ರೇಲಿಯಾ ಎಂಬ ದೇಶ ಉಂಟು. ಕಡಲಿನಾಚೆ, ಬಹಳ ದೂರ. ಅಲ್ಲಿ ಒಂದು ಮನೆಯವರು 1970ರಲ್ಲಿ ಹಾವು, ಮೊಸಳೆಗಳ ಸಣ್ಣ ಉದ್ಯಾನ ಮಾಡಿದರು. ಅವರ ಮಗ ಸ್ಟೀವ್ ಇರ್ವಿನ್. ಚಿಕ್ಕಂದಿನಲ್ಲೇ ಅಪ್ಪ ಅಮ್ಮನ ಜೊತೆ ಪ್ರಾಣಿಗಳನ್ನು ನೋಡಿಕೊಂಡು ಬೆಳೆದರು. ಮುಂದೆ ಆ ಉದ್ಯಾನವನ್ನು ದೊಡ್ಡದು ಮಾಡಿದರು.

1996ರಲ್ಲಿ ಅವರ ಟಿ.ವಿ. ಕಾರ್ಯಕ್ರಮ ಶುರುವಾಯಿತು. ಕಾರ್ಯಕ್ರಮದ ಹೆಸರಿನ ಅರ್ಥ "ಮೊಸಳೆ ಬೇಟೆಗಾರ". ಆದರೆ ಅವರು ಮೊಸಳೆ ಕೊಲ್ಲುತ್ತಿರಲಿಲ್ಲ. ಜನರ ಹತ್ತಿರ ಬಂದ ಮೊಸಳೆ ಹಿಡಿದು ಬೇರೆ ಕಡೆ ಬಿಡುತ್ತಿದ್ದರು. ಅದನ್ನು ಟಿ.ವಿ.ಯಲ್ಲಿ ತೋರಿಸುತ್ತಿದ್ದರು. ಹಾವು, ಮೊಸಳೆಗೂ ಬದುಕುವ ಹಕ್ಕು ಉಂಟು ಎಂದು ಹೇಳುತ್ತಿದ್ದರು. ನೂರಕ್ಕೂ ಹೆಚ್ಚು ದೇಶಗಳ ಜನ ಅದನ್ನು ನೋಡಿದರು.

ಅವರು ಮಾಡಿದ್ದೆಲ್ಲ ಸರಿ ಎಂದು ಎಲ್ಲರೂ ಒಪ್ಪಲಿಲ್ಲ. 2004ರ ಜನವರಿಯಲ್ಲಿ ತಮ್ಮ ಒಂದು ತಿಂಗಳ ಕೂಸನ್ನು ಒಂದು ಕೈಯಲ್ಲಿ ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಮೊಸಳೆಗೆ ತಿಂಡಿ ಕೊಟ್ಟರು. ಆಗ ಜನ ತುಂಬಾ ಬೈದರು.

"ಬೈಯದೆ ಇರ್ತಾರಾ? ಕೂಸು ಎತ್ತಿಕೊಂಡು ಮೊಸಳೆ ಹತ್ತಿರ ಯಾರಾದ್ರೂ ಹೋಗ್ತಾರಾ?" ಎಂದರು ಒಬ್ಬ ಅಜ್ಜಿ.

ಅವರ ದೊಡ್ಡ ಮಗಳ ಹೆಸರು ಬಿಂದಿ. ನಮ್ಮ ಹಣೆಯ ಬಿಂದಿ ಅಲ್ಲ. ಅಲ್ಲಿನ ಮೂಲ ನಿವಾಸಿಗಳ ಒಂದು ಭಾಷೆಯಲ್ಲಿ ಹಾಗೆಂದರೆ ಚಿಕ್ಕ ಹುಡುಗಿ. ಅಪ್ಪನಿಗೆ ಪ್ರೀತಿಯ ಒಂದು ಮೊಸಳೆಗೂ ಅದೇ ಹೆಸರು ಇತ್ತು.

2006ರಲ್ಲಿ ಬಿಂದಿಯ ಹೆಸರಿನಲ್ಲೇ ಮಕ್ಕಳಿಗಾಗಿ ಒಂದು ಟಿ.ವಿ. ಕಾರ್ಯಕ್ರಮ ತಯಾರಾಗುತ್ತಿತ್ತು. ಸೆಪ್ಟೆಂಬರ್ 4ರಂದು ಅಪ್ಪ ಬೇರೊಂದು ಚಿತ್ರದ ಕೆಲಸಕ್ಕೆ ಕಡಲಿಗೆ ಹೋಗಿದ್ದರು. ಹವೆ ಸರಿ ಇರಲಿಲ್ಲ. ದೊಡ್ಡ ಕೆಲಸ ನಿಂತಿತು. ಸುಮ್ಮನೆ ಕುಳಿತುಕೊಳ್ಳುವ ಬದಲು ಮಗಳ ಕಾರ್ಯಕ್ರಮಕ್ಕೆ ಸ್ವಲ್ಪ ಚಿತ್ರ ತೆಗೆಯೋಣ ಎಂದು ಆಳ ಇಲ್ಲದ ನೀರಿಗೆ ಇಳಿದರು. ಅಲ್ಲಿ ಒಂದು ದೊಡ್ಡ ತೊರಕೆ ಇತ್ತು. ಅದು ಬಾಲ ಬೀಸಿತು. ಮುಳ್ಳು ಎದೆಗೆ ಹೊಕ್ಕಿತು. ಸ್ಟೀವ್ ತೀರಿಕೊಂಡರು. ಆಗ ಅವರಿಗೆ 44 ವರ್ಷ. ಮಗಳಿಗೆ 8. ಮಗ ರಾಬರ್ಟ್‌ಗೆ ಇನ್ನೂ 3 ತುಂಬಿರಲಿಲ್ಲ.

ಕೇಂದ್ರದಲ್ಲಿ ಯಾರೂ ಮಾತಾಡಲಿಲ್ಲ. ಕೈಗೆ ಬಟ್ಟೆ ಕಟ್ಟಿದ ಅಕ್ಕ ನೆಲ ನೋಡುತ್ತಾ ಕುಳಿತಿದ್ದರು. ಅವರ ಗಂಡನೂ ಕಡಲಿಗೆ ಹೋದವರು ತಿರುಗಿ ಬಂದಿರಲಿಲ್ಲ. ನಾವು ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂದೆ ಹೇಳಿದೆವು.

ಅದೇ ತಿಂಗಳು 20ರಂದು ಅಪ್ಪನ ಉದ್ಯಾನದಲ್ಲಿ ದೊಡ್ಡ ಸಭೆ ಆಯಿತು. ಸಾವಿರಾರು ಜನ ಸೇರಿದ್ದರು. ಬಿಂದಿ ಒಂದು ಕಾಗದ ಹಿಡಿದು ನಿಂತಳು. ಅದರಲ್ಲಿ ಇದ್ದುದನ್ನು ಗಟ್ಟಿಯಾಗಿ ಓದಿದಳು. ಅಪ್ಪನಿಗೆ ಪ್ರೀತಿ ಇದ್ದ ಕೆಲಸ ನಿಲ್ಲಬಾರದು, ಅಪ್ಪನ ಹಾಗೆ ನಾನೂ ಪ್ರಾಣಿಗಳನ್ನು ಉಳಿಸುತ್ತೇನೆ ಎಂಬುದು ಅವಳ ಮಾತಿನ ಅರ್ಥ. ಲೋಕದ ಕೋಟಿಗಟ್ಟಲೆ ಜನ ಅದನ್ನು ಟಿ.ವಿ.ಯಲ್ಲಿ ನೋಡಿದರು.

ಆ ದಿನಗಳಲ್ಲಿ ಒಂದು ಕೆಟ್ಟ ಕೆಲಸವೂ ನಡೆಯಿತು. ಅಲ್ಲಿನ ಕಡಲ ದಂಡೆಯಲ್ಲಿ ಬಾಲ ಕಡಿದು ಬಿಸಾಡಿದ ತೊರಕೆಗಳು ಸಿಕ್ಕಿದವು. ಯಾರೋ ಸೇಡು ತೀರಿಸಿಕೊಂಡಿದ್ದರು ಎಂದು ಜನ ಆಡಿಕೊಂಡರು. ಸ್ಟೀವ್ ಜೊತೆ ಕೆಲಸ ಮಾಡಿದವರು, ಹೀಗೆ ಮಾಡಬೇಡಿ, ಅವರಿಗೆ ಇದು ಸೇರುತ್ತಿರಲಿಲ್ಲ ಎಂದು ಹೇಳಿದರು.

ಬಿಂದಿಯ ಕಾರ್ಯಕ್ರಮ 2007ರಲ್ಲಿ ಟಿ.ವಿ.ಯಲ್ಲಿ ಬಂತು. ಇಷ್ಟು ಸಣ್ಣ ಮಗುವನ್ನು ಟಿ.ವಿ. ಮುಂದೆ ನಿಲ್ಲಿಸುವುದು ಸರಿಯಾ ಎಂದು ಆಗಲೂ ಕೆಲವರು ಕೇಳಿದರು. ಆದರೆ ಬಿಂದಿಯ ಓದು ನಿಲ್ಲಲಿಲ್ಲ. ಮನೆಯಲ್ಲೇ ಪಾಠ ಕಲಿತಳು. ತಮ್ಮ ರಾಬರ್ಟ್ ಬೆಳೆದು ಕ್ಯಾಮರಾ ಹಿಡಿದ, ಪ್ರಾಣಿಗಳ ಚಿತ್ರ ತೆಗೆದ. 2018ರಲ್ಲಿ ತಾಯಿ ಟೆರ್ರಿ ಮತ್ತು ಇಬ್ಬರು ಮಕ್ಕಳು ಸೇರಿ ಹೊಸ ಟಿ.ವಿ. ಕಾರ್ಯಕ್ರಮ ಶುರು ಮಾಡಿದರು. ಗಂಡ ಹೋದ ಮೇಲೆ ಉದ್ಯಾನವನ್ನು ಮುಚ್ಚದೆ ನಡೆಸಿದವರು ಆ ತಾಯಿ.

ನಮ್ಮ ಕಡೆಯ ಕಥೆ

"ಅದು ದೂರದ ಊರಿನ ಕಥೆ ಆಯ್ತು. ನಮ್ಮ ಕಡೆ ಹಾಗೆ ಯಾರೂ ಇಲ್ವಾ ಟೀಚರ್?" ಎಂದು ಇನ್ನೊಬ್ಬ ಅಕ್ಕ ಕೇಳಿದರು. ಅವರ ತವರು ಕಾರ್ಕಳದ ಆಚೆ, ಘಟ್ಟದ ಬುಡದಲ್ಲಿ.

ಟಿ.ವಿ.ಯವರು ಅಲ್ಲ. ಆದರೆ ಕಾಡನ್ನೂ ಪ್ರಾಣಿಯನ್ನೂ ನೋಡಿ ಜನರಿಗೆ ತಿಳಿಸಿದ ಒಂದು ಮನೆ ನಮ್ಮಲ್ಲೂ ಉಂಟು. ಕಾಪುವಿನಿಂದ ಬಡಗಿಗೆ ಹೋದರೆ ಉಡುಪಿ. ಇನ್ನೂ ಬಡಗಿಗೆ ಹೋದರೆ ಕೋಟ. ಆ ಊರಿನಲ್ಲಿ 1902ರಲ್ಲಿ ಶಿವರಾಮ ಕಾರಂತರು ಹುಟ್ಟಿದರು.

"ಗೊತ್ತುಂಟು. ಯಕ್ಷಗಾನದ ಕಾರಂತರು!" ಎಂದು ಇಬ್ಬರು ಮೂವರು ಒಟ್ಟಿಗೆ ಹೇಳಿದರು.

ಅವರೇ. ಗಾಂಧೀಜಿಯವರ ಕರೆಗೆ ಕಾಲೇಜು ಬಿಟ್ಟವರು. ದೊಡ್ಡ ಡಿಗ್ರಿ ಇರಲಿಲ್ಲ. ಆದರೆ ಕಣ್ಣಿಗೆ ಕಂಡದ್ದನ್ನೆಲ್ಲ ತಿಳಿದುಕೊಳ್ಳುವ ಹಠ ಇತ್ತು. ಮಕ್ಕಳಿಗಾಗಿ "ಬಾಲ ಪ್ರಪಂಚ" ಬರೆದರು. ವಿಜ್ಞಾನ ತಿಳಿಯಲಿ ಎಂದು "ವಿಜ್ಞಾನ ಪ್ರಪಂಚ" ಬರೆದರು. ಹಕ್ಕಿ, ಪ್ರಾಣಿ, ನಕ್ಷತ್ರ ಎಲ್ಲವನ್ನೂ ಕನ್ನಡದಲ್ಲಿ ಹೇಳಿದರು. ಮಾತಿಲ್ಲದ ಸಿನಿಮಾದ ಕಾಲದಲ್ಲಿ ಸಿನಿಮಾ ಕೂಡ ಮಾಡಿ ನೋಡಿದರು. ಕಾದಂಬರಿಗಾಗಿ 1977ರ ಜ್ಞಾನಪೀಠ ಪ್ರಶಸ್ತಿ ಪಡೆದರು. ಮುದಿ ವಯಸ್ಸಿನಲ್ಲೂ ಕಾಡಿಗಾಗಿ, ಕೈಗಾ ಅಣುಸ್ಥಾವರದ ವಿರುದ್ಧ ಹೋರಾಡಿದರು. 1989ರಲ್ಲಿ ಅದಕ್ಕಾಗಿಯೇ ಲೋಕಸಭೆ ಚುನಾವಣೆಗೂ ನಿಂತರು. ಗೆಲ್ಲಲಿಲ್ಲ. ಆದರೆ ವಿಷಯ ಜನರಿಗೆ ತಲುಪಿತು. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ತೀರಿಕೊಂಡರು.

ಅವರ ಮಗ ಉಲ್ಲಾಸ ಕಾರಂತ. 1948ರಲ್ಲಿ ಹುಟ್ಟಿದರು. ಮಗ ಅಪ್ಪನ ಹಾಗೆ ಕಾದಂಬರಿ ಬರೆಯಲು ಹೋಗಲಿಲ್ಲ. ಯಕ್ಷಗಾನ ಕುಣಿಯಲೂ ಹೋಗಲಿಲ್ಲ. ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿದರು. ಆದರೆ ಮನಸ್ಸು ಕಾಡಿನಲ್ಲಿ ಇತ್ತು. ಎಂಜಿನಿಯರ್ ಕೆಲಸ ಬಿಟ್ಟರು. ಮತ್ತೆ ಓದಿದರು. ಕಾಡುಪ್ರಾಣಿಗಳ ವಿಜ್ಞಾನಿ ಆದರು.

ಸಿಂಗಳೀಕ ಮತ್ತು ಹುಲಿ

1983-84ರಲ್ಲಿ ಉಲ್ಲಾಸ ಕಾರಂತರು ಘಟ್ಟದ ಕಾಡುಗಳಲ್ಲಿ ಸಿಂಗಳೀಕ ಹುಡುಕಿದರು. ಸಿಂಗಳೀಕ ಎಂದರೆ ಕಪ್ಪು ಮೈಯ ಮಂಗ. ಮುಖದ ಸುತ್ತ ಬೂದು ಬಣ್ಣದ ಕೂದಲು. ಬಾಲದ ತುದಿ ಸಿಂಹದ ಬಾಲದ ಹಾಗೆ. ಲೋಕದಲ್ಲಿ ಇದು ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿ ಮಾತ್ರ ಇದೆ. ನೆಲಕ್ಕೆ ಇಳಿಯುವುದು ಕಡಿಮೆ. ಮರದಿಂದ ಮರಕ್ಕೆ ಹೋಗುತ್ತದೆ. ಮರ ಕಡಿದರೆ ಅದರ ದಾರಿಯೇ ಕಡಿದ ಹಾಗೆ.

ಕಾರ್ಕಳದಿಂದ ಘಟ್ಟ ಹತ್ತಿದರೆ ಕುದುರೆಮುಖ. ಅಲ್ಲಿನ ಕಾಡಿನಲ್ಲಿ ಸಿಂಗಳೀಕಗಳು ಚೆನ್ನಾಗಿ ಇವೆ ಎಂದು ಅವರು ಕಂಡುಕೊಂಡರು. ಬರೆದು ಸರಕಾರಕ್ಕೆ ಕೊಟ್ಟರು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಆಯಿತು. ಕಣ್ಣಿನಿಂದ ನೋಡಿದ್ದನ್ನು ಕಾಗದದ ಮೇಲೆ ಬರೆದದ್ದಕ್ಕೆ ಬಂದ ಫಲ ಅದು.

ಕಾರ್ಕಳದ ಅಕ್ಕ ತಲೆ ಅಲ್ಲಾಡಿಸಿದರು. "ಕಾಡು ಉಳಿಯಿತು, ಹೌದು. ಆದರೆ ಕಾಡಿನ ಒಳಗೆ ಮನೆ ಇದ್ದವರಿಗೆ ಹೆದರಿಕೆಯೂ ಬಂತು ಟೀಚರ್. ನಮ್ಮನ್ನು ಎಬ್ಬಿಸುತ್ತಾರಾ, ಎಲ್ಲಿಗೆ ಹೋಗುವುದು ಅಂತ."

ಅವರ ಮಾತೂ ನಿಜ. ಕಾಡು ಉಳಿಯಬೇಕು. ಅಲ್ಲಿನ ಜನರ ಮಾತನ್ನೂ ಕೇಳಬೇಕು. ಎರಡರಲ್ಲಿ ಒಂದನ್ನು ಬಿಟ್ಟರೆ ಕೆಲಸ ಅರ್ಧವೇ ಆಗುತ್ತದೆ.

ಮುಂದೆ ಉಲ್ಲಾಸ ಕಾರಂತರು ನಾಗರಹೊಳೆ ಕಾಡಿನಲ್ಲಿ ಹುಲಿ ಎಣಿಸಿದರು. ಹಿಂದೆ ಹುಲಿಯ ಹೆಜ್ಜೆ ಗುರುತು ನೋಡಿ ಎಣಿಸುತ್ತಿದ್ದರು. ಅದರಲ್ಲಿ ತಪ್ಪು ಲೆಕ್ಕ ಬರುತ್ತದೆ ಎಂದು ಅವರು ಹೇಳಿದರು. 1990ರ ದಶಕದಲ್ಲಿ ಕಾಡಿನ ದಾರಿಯ ಎರಡೂ ಬದಿಗೆ ಕ್ಯಾಮರಾ ಕಟ್ಟಿದರು. ಹತ್ತಿರ ಮನುಷ್ಯರು ಬೇಡ. ಹುಲಿ ಆ ದಾರಿಯಲ್ಲಿ ಬಂದರೆ ಕ್ಯಾಮರಾ ತಾನೇ ಚಿತ್ರ ತೆಗೆಯುತ್ತದೆ. ಹುಲಿಯ ಎರಡೂ ಪಕ್ಕದ ಪಟ್ಟೆ ಚಿತ್ರದಲ್ಲಿ ಬರುತ್ತದೆ.

ಪಟ್ಟೆ ಏಕೆ ಬೇಕು? ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇಲ್ಲ. ನಮ್ಮ ಹೆಬ್ಬೆಟ್ಟಿನ ಗೆರೆಯ ಹಾಗೆ. ಪಟ್ಟೆ ನೋಡಿ, ಇದು ಹಿಂದೆ ಬಂದ ಹುಲಿಯೋ, ಹೊಸ ಹುಲಿಯೋ ಎಂದು ಹೇಳಬಹುದು.

"ಹಾಗಾದ್ರೆ ಹುಲಿ ಇನ್ನೂ ಹೆಬ್ಬೆಟ್ಟೇ! ನಾವು ಸಹಿ ಹಾಕಲು ಕಲಿತಾಯ್ತು!" ಎಂದರು ಅಜ್ಜಿ. ಎಲ್ಲರೂ ನಕ್ಕರು.

ಈಗ ನಮ್ಮ ದೇಶದ ಹುಲಿ ಗಣತಿಯಲ್ಲಿ ಕ್ಯಾಮರಾಗಳನ್ನು ಬಳಸುತ್ತಾರೆ.

ಮೊಮ್ಮಗಳ ದಾರಿ

ಉಲ್ಲಾಸ ಕಾರಂತರ ಮಗಳು ಕೃತಿ ಕಾರಂತ. ಶಿವರಾಮ ಕಾರಂತರ ಮೊಮ್ಮಗಳು. ಅವರೂ ಓದಿ ವಿಜ್ಞಾನಿ ಆದರು. ಆದರೆ ಅವರು ಇನ್ನೊಂದು ಪ್ರಶ್ನೆ ಹಿಡಿದರು. ಕಾಡಿನ ಪಕ್ಕ ಬದುಕುವ ಮನುಷ್ಯರ ಕಷ್ಟ ಏನು?

ಆನೆ ಬಂದು ಗದ್ದೆ ತುಳಿಯುತ್ತದೆ. ಚಿರತೆ ಬಂದು ಕರು ಹಿಡಿಯುತ್ತದೆ. ಇದಕ್ಕೆ ಸರಕಾರದ ಪರಿಹಾರ ಉಂಟು. ಆದರೆ ಅರ್ಜಿ ಬರೆಯಬೇಕು, ಫೋಟೊ ಬೇಕು, ದಾಖಲೆ ಬೇಕು. ಓದು ಬರಹ ಬಾರದವರು ಏನು ಮಾಡಬೇಕು? ಎಷ್ಟೋ ಜನ ಸುಮ್ಮನಾಗುತ್ತಾರೆ. ಸಿಟ್ಟು ಮಾತ್ರ ಒಳಗೆ ಉಳಿಯುತ್ತದೆ. ಆ ಸಿಟ್ಟು ಕೊನೆಗೆ ಪ್ರಾಣಿಯ ಮೇಲೆ ಹೋಗುತ್ತದೆ.

2015ರಲ್ಲಿ ಕೃತಿ ಕಾರಂತರು "ವೈಲ್ಡ್ ಸೇವೆ" ಎಂಬ ಕೆಲಸ ಶುರು ಮಾಡಿದರು. ಬಂಡೀಪುರ, ನಾಗರಹೊಳೆ ಕಾಡಿನ ಸುತ್ತಲಿನ ಹಳ್ಳಿಯವರು ಫೋನ್ ಮಾಡಿದರೆ ಜನ ಬರುತ್ತಾರೆ. ನಷ್ಟ ನೋಡುತ್ತಾರೆ. ಫೋಟೊ ತೆಗೆಯುತ್ತಾರೆ. ಅರ್ಜಿ ಬರೆದು ಕೊಡಲು ನೆರವಾಗುತ್ತಾರೆ. 2018ರಿಂದ "ವೈಲ್ಡ್ ಶಾಲೆ" ಎಂದು ಕಾಡಿನ ಪಕ್ಕದ ಶಾಲೆಗಳಲ್ಲಿ ಮಕ್ಕಳಿಗೆ ಪಾಠವೂ ನಡೆಯಿತು.

ನೋಡಿ ಅಕ್ಕಂದಿರೇ. ಅಜ್ಜ ಪುಸ್ತಕ ಬರೆದರು. ಮಗ ಕ್ಯಾಮರಾ ಕಟ್ಟಿದರು. ಮೊಮ್ಮಗಳು ಜನರ ಕಷ್ಟ ಕೇಳಿದರು. ಕೆಲಸ ಬೇರೆ ಬೇರೆ. ಆದರೆ ಮೂವರಲ್ಲೂ ಒಂದು ಗುಣ ಉಂಟು. ಕಣ್ಣು ಬಿಟ್ಟು ನೋಡುವುದು, ನೋಡಿದ್ದನ್ನು ಬರೆದಿಡುವುದು, ಬರೆದದ್ದನ್ನು ಜನರಿಗೆ ತಿಳಿಸುವುದು.

ಅಕ್ಕನ ಪ್ರಶ್ನೆ

ಇಷ್ಟು ಹೊತ್ತು ಸುಮ್ಮನಿದ್ದ ಅಕ್ಕ ಈಗ ಬಾಯಿ ಬಿಟ್ಟರು.

"ಟೀಚರ್, ಅವರು ಹೋದ ಮೇಲೆ ಬುಟ್ಟಿ ಹೊತ್ತು ಮನೆ ನಡೆಸುತ್ತಿದ್ದೇನೆ. ಈಗ ಸೊಂಟ ಹಿಡಿಯುತ್ತದೆ. ಏಳನೇ ಕ್ಲಾಸು ಸಾಕು, ಮಗಳಿಗೂ ಬುಟ್ಟಿ ಕೊಡು ಎಂದು ನೆರೆಕರೆಯವರು ಹೇಳುತ್ತಾರೆ. ಆ ಬಿಂದಿ ಎಂಟು ವರ್ಷಕ್ಕೆ ಅಪ್ಪನ ಕೆಲಸ ಹಿಡಿದಳು ಎಂದಿರಿ. ಹಾಗಾದರೆ ಇವಳೂ ಹಿಡಿಯಬೇಕಲ್ವಾ?"

ಒಬ್ಬರು, ಹಿಡಿಯಬೇಕು ಎಂದರು. ಇನ್ನೊಬ್ಬರು, ಪಾಪ ಬೇಡ ಎಂದರು. ಮೀನಿನ ಕೆಲಸ ಕೀಳಾ ಎಂದು ಮತ್ತೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಮೀನಿನ ಕೆಲಸ ಖಂಡಿತ ಕೀಳಲ್ಲ. ಈ ಊರಿನ ಎಷ್ಟೋ ಮನೆಗಳು ನಡೆದದ್ದು ಅದರಿಂದಲೇ.

ನಾವು ಹೀಗೆ ಹೇಳಿದೆವು. ಬಿಂದಿ ಕೆಲಸ ಮಾಡಿದಳು, ಆದರೆ ಓದು ಬಿಡಲಿಲ್ಲ. ಅವಳ ಮನೆಗೆ ಹಣದ ಬಲ ಇತ್ತು. ನಮ್ಮ ಮಗು ಏಳನೇ ಕ್ಲಾಸಿಗೆ ಶಾಲೆ ಬಿಟ್ಟರೆ ಮತ್ತೆ ಹೋಗುವುದು ಕಷ್ಟ. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ ಎಂಬ ಕಾನೂನು 2010ರಿಂದ ಉಂಟು. ಉಲ್ಲಾಸ ಕಾರಂತರು ಅಪ್ಪನ ಪೆನ್ನು ಹಿಡಿಯಲಿಲ್ಲ, ಕ್ಯಾಮರಾ ಹಿಡಿದರು. ಅಪ್ಪ ಕೊಟ್ಟದ್ದು ಪೆನ್ನಲ್ಲ, ನೋಡುವ ಕಣ್ಣು. ನಾವು ಮಕ್ಕಳಿಗೆ ಕೊಡಬೇಕಾದದ್ದೂ ಅದೇ. ಬುಟ್ಟಿ ಹೊರುವುದೋ ಬಿಡುವುದೋ, ಓದಿ ದೊಡ್ಡವಳಾದ ಮೇಲೆ ಅವಳೇ ಹೇಳಲಿ.

"ನನ್ನಲ್ಲಿ ಎಂತ ಉಂಟು ಟೀಚರ್ ಕೊಡಲಿಕ್ಕೆ? ಮೀನು ಒಂದು ಗೊತ್ತು" ಎಂದರು ಅಕ್ಕ.

"ಆ ಮೀನಿನದೇ ಹೇಳಿ. ತೊರಕೆ ಮೊಟ್ಟೆ ಇಡುತ್ತದಾ?"

"ಇಲ್ಲಪ್ಪ! ಹೊಟ್ಟೆ ಸೀಳಿದರೆ ಒಳಗೆ ಮರಿಯೇ ಇರುತ್ತದೆ. ಬಂಗುಡೆ, ಬೂತಾಯಿಯ ಹಾಗೆ ಸಾವಿರ ಮೊಟ್ಟೆ ಇಲ್ಲ. ನಾಲ್ಕೋ ಐದೋ. ಮರಿಗೂ ಪುಟ್ಟ ಬಾಲ. ನಾನು ಎಷ್ಟು ಸಲ ನೋಡಿದ್ದೇನೆ."

ಅಕ್ಕ ಹೇಳಿದ್ದು ಸರಿ. ತೊರಕೆಯ ಮೊಟ್ಟೆ ತಾಯಿಯ ಹೊಟ್ಟೆಯ ಒಳಗೇ ಒಡೆದು, ಮರಿ ಅಲ್ಲೇ ಬೆಳೆದು ಹೊರಗೆ ಬರುತ್ತದೆ. ಒಂದು ಸಲಕ್ಕೆ ಕೆಲವೇ ಮರಿ. ಹಾಗಾಗಿ ಬಸುರಿ ತೊರಕೆಗಳನ್ನೆಲ್ಲ ಹಿಡಿದರೆ ಆ ಮೀನು ಬೇಗ ಕಡಿಮೆ ಆಗುತ್ತದೆ. ವಿಜ್ಞಾನಿಗಳು ಪುಸ್ತಕದಲ್ಲಿ ಬರೆದದ್ದನ್ನು ಈ ಅಕ್ಕ ಕತ್ತಿಯ ತುದಿಯಲ್ಲಿ ಕಂಡಿದ್ದಾರೆ.

ಮೂಲೆಯಲ್ಲಿ ಇದ್ದ ಮಗಳು ಲೆಕ್ಕದ ಪುಸ್ತಕ ಬದಿಗಿಟ್ಟು ಹತ್ತಿರ ಬಂದಳು. "ಅಮ್ಮಾ, ಇದು ನನಗೆ ನೀನು ಹೇಳಿಯೇ ಇಲ್ಲ" ಎಂದಳು.

"ನೀನು ಕೇಳಿದ್ದೆ ಯಾವಾಗ?" ಎಂದರು ಅಮ್ಮ.

ಆ ರಾತ್ರಿ ಅಮ್ಮ ಹೇಳಿದರು, ಮಗಳು ಬರೆದಳು. ಯಾವ ತಿಂಗಳಲ್ಲಿ ಯಾವ ಮೀನು. ಯಾವ ಮೀನಿಗೆ ಮುಳ್ಳು ಎಲ್ಲಿ. ಮೊದಲು ಎಷ್ಟು ಸಿಗುತ್ತಿತ್ತು, ಈಗ ಎಷ್ಟು. ಕೊನೆಗೆ ಅಪ್ಪ ಯಾವ ಕಡೆ ಬಲೆ ಬೀಸುತ್ತಿದ್ದರು ಎಂಬುದೂ ಬಂತು. ಪುಟದ ಕೆಳಗೆ ಅಮ್ಮ ತಾವೇ ಸಹಿ ಹಾಕಿದರು. ಅಕ್ಷರ ಸ್ವಲ್ಪ ಸೊಟ್ಟ. ಆದರೆ ಓದಬಹುದು.

ಶಾಲೆ ಶುರುವಾದಾಗ ಮಗಳು ಎಂಟನೇ ಕ್ಲಾಸಿಗೆ ಸೇರಿದಳು. ರಜೆಯ ದಿನ ಅಮ್ಮನ ಜೊತೆ ಮಾರುಕಟ್ಟೆಗೂ ಬರುತ್ತಾಳೆ. ಬರುವಾಗ ಪುಸ್ತಕ ತರುತ್ತಾಳೆ.

ಮಾತಾಡೋಣ

1. ತೊರಕೆ ಮುಳ್ಳು ತಾಗಿದರೆ ಮೊದಲು ಏನು ಮಾಡಬೇಕು? ಏನು ಮಾಡಬಾರದು?
2. ಬಿಂದಿ ಚಿಕ್ಕಂದಿನಲ್ಲೇ ಟಿ.ವಿ. ಕೆಲಸ ಮಾಡಿದ್ದು ಸರಿಯಾ? ನಿಮಗೆ ಏನು ಅನಿಸುತ್ತದೆ?
3. ಹುಲಿಯ ಪಟ್ಟೆಗೂ ನಮ್ಮ ಹೆಬ್ಬೆಟ್ಟಿಗೂ ಏನು ಹೋಲಿಕೆ?
4. ಕಾಡೂ ಉಳಿಯಬೇಕು, ಜನರೂ ಉಳಿಯಬೇಕು. ಅದಕ್ಕೆ ಏನು ಮಾಡಬಹುದು?

ಬರೆಯೋಣ

ನಿಮ್ಮ ತಾಯಿಯಿಂದಲೋ ತಂದೆಯಿಂದಲೋ ನೀವು ಕಲಿತ ಒಂದು ವಿಷಯ ಬರೆಯಿರಿ. ಮೂರು ಸಾಲು ಸಾಕು. ಗಿಡದ ಮದ್ದು ಇರಲಿ, ಬಿತ್ತನೆ ಇರಲಿ, ಮೀನು ಇರಲಿ, ಹಾಡು ಇರಲಿ. ಕೆಳಗೆ ಅವರ ಹೆಸರು ಬರೆಯಿರಿ. ಅದರ ಕೆಳಗೆ ನಿಮ್ಮ ಸಹಿ ಹಾಕಿ. ಮನೆಗೆ ಹೋಗಿ ಮಕ್ಕಳ ಮುಂದೆ ಗಟ್ಟಿಯಾಗಿ ಓದಿ.